ಇರುವೆ ಬರದಂತೆ ನೋಡಿಕೊಳ್ಳಿ

"ನಿಮ್ಮ ಮೇಡಂನ ಕರೀರಿ."

ತಾರಸಿಯ ಬಾಗಿಲಲ್ಲಿ ನಿಂತವನ ಧ್ವನಿ ಗಡುಸಾಗಿತ್ತು. ಮೂರು ಮಹಡಿ ಹತ್ತಿ ಬಂದ ಆಯಾಸಕ್ಕೋ, ಸಿಟ್ಟಿಗೋ, ಎದೆ ಏರಿಳಿಯುತ್ತಿತ್ತು. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬ.

ಬಿಂದುಶ್ರೀ ಮಣೆಯ ಮೇಲೆ ಕೂತು ಕ್ಯಾರೆಟ್ ಸಿಪ್ಪೆ ಹೆರೆಯುತ್ತಿದ್ದಳು. ತಲೆಗೆ ಟವೆಲ್ ಸುತ್ತಿದ್ದಳು, ಚೂಡಿದಾರದ ಮೇಲೆ ಮಾಮನ ಹಳೇ ಶರ್ಟು. ಅವನ ಮುಖಕ್ಕಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಆ ಡಬ್ಬ. ಮುಚ್ಚಳಕ್ಕೆ ಅಂಟಿಸಿದ ಚೀಟಿ, ಚೀಟಿಯ ಮೇಲೆ ಅವಳದೇ ಸೊಟ್ಟ ಅಕ್ಷರ.

‘ಇರುವೆ ಬರದಂತೆ ನೋಡಿಕೊಳ್ಳಿ.’

ಅಷ್ಟು ದೊಡ್ಡ ಡಬ್ಬ ಕೊಳ್ಳುವವನು ಒಬ್ಬನೇ. ಜಯನಗರದ ಆಶ್ರಿತ್!

ಆರು ತಿಂಗಳಿಂದ ದಿನಾ ಮೆಸೇಜು. ಒಂದು ಸಲವೂ ಮುಖ ನೋಡಿರಲಿಲ್ಲ. ಅವನ ಫೋಟೋ ಇರಬೇಕಾದ ಜಾಗದಲ್ಲಿ ಅವನು ಸಾಕಿದ ಹಲ್ಲಿ ಗುಂಡಣ್ಣನ ಫೋಟೋ ಇರುತ್ತಿತ್ತು. ಇವಳದರಲ್ಲಿ ಒಂದು ದಾಸವಾಳ.

'ಅಯ್ಯೋ... ಇವತ್ತೇ ಬರಬೇಕಿತ್ತಾ? ಈ ಅವತಾರದಲ್ಲಿ ಇರುವಾಗ?'

"ಯಾರು ಬೇಕಿತ್ತು?" ಎಂದಳು, ಗೊತ್ತಿದ್ದೂ.

"ಬಿಂದುಶ್ರೀ ಮೇಡಂ. ಹುಳ ಸಪ್ಲೈ ಮಾಡ್ತಾರಲ್ಲ, ಅವರು. ನೀವು ಅವರ ಹತ್ರ ಕೆಲಸ ಮಾಡೋದಾ?"

"ಮೇಡಂ... ಇಲ್ಲ," ಅಂದುಬಿಟ್ಟಳು.

"ಹಾಗಾದ್ರೆ ಬಂದಾಗ ಇದನ್ನ ತೋರಿಸಿ." ಅವನು ಮುಚ್ಚಳ ತೆಗೆದ.

ಒಳಗಿದ್ದದ್ದು ಸತ್ತ ಹುಳಗಳು. ಗೋಡೆ ಸಂದಿಯಲ್ಲಿ ಕಿರಗುಟ್ಟುವ ಚಿಮ್ಮಂಡೆ ಇರುತ್ತದಲ್ಲ, ಅದೇ ಜಾತಿ. ಹಲ್ಲಿ, ಓತಿಕ್ಯಾತ ಸಾಕುವವರು ಕ್ರಿಕೆಟ್ಸ್ ಅನ್ನುತ್ತಾರೆ. ಅವುಗಳ ಊಟಕ್ಕಾಗಿಯೇ ಬೆಳೆಸುವ ಹುಳ. ಇನ್ನೂರಕ್ಕೂ ಹೆಚ್ಚಿದ್ದವು. ಒಂದೂ ಅಲುಗಲಿಲ್ಲ.

"ಸೋಮವಾರ ನಮ್ಮ ಗುಂಡಣ್ಣ ಇದರಲ್ಲಿ ಹತ್ತು ತಿಂದ. ಮಂಗಳವಾರ ಬೆಳಗ್ಗೆ ಡಬ್ಬದಲ್ಲಿ ಇರೋದೆಲ್ಲ ಸತ್ತಿತ್ತು. ಅವನಿಗೆ ನಿನ್ನೆಯಿಂದ ಕಾಲು ನಡುಗ್ತಿದೆ. ಡಾಕ್ಟರು ಹುಳದಲ್ಲೇ ಏನೋ ಇದೆ ಅಂದ್ರು. ನಿಮ್ಮ ಮೇಡಂನ ಓದ್ಕೊಂಡಿರೋರು ಅಂತ ನಂಬಿದ್ದೆ." ಅವನ ಕಣ್ಣು ಅವಳ ಕೈಯ ಮೇಲೆ, ಟವೆಲಿನ ಮೇಲೆ, ಶರ್ಟಿನ ಮೇಲೆ ಹರಿಯಿತು. "ಏನೂ ಗೊತ್ತಿಲ್ದೆ ಇರೋರ ಕೈಲಿ ಕೆಲಸ ಮಾಡಿಸಿದ್ರೆ ಇನ್ನೇನಾಗತ್ತೆ."

ಬಿಂದುಶ್ರೀ ಎದ್ದು ನಿಂತಳು. ಚಾಕು ಕೈಯಲ್ಲೇ ಇತ್ತು.

"ನಾನೇ."

"ಏನು?"

"ಬಿಂದುಶ್ರೀ ನಾನೇ. ಮೇಡಂ ಅಂತ ಬೇರೆ ಯಾರೂ ಇಲ್ಲ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು. ಅದೇನು ಹೇಳ್ಬೇಕೋ ನನಗೇ ಹೇಳಿ."

ಅವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಅವನ ಮುಖ ಇನ್ನಷ್ಟು ಬಿಗಿಯಾಯಿತು.

"ಅಂದ್ರೆ ಈಗ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ರಿ. ಝುವಾಲಜಿ ಓದಿದೀರಾ ಅಂತ ಕೇಳಿದಾಗಲೂ ನಗೋ ಚಿಹ್ನೆ ಕಳಿಸಿ ಸುಮ್ಮನಾದ್ರಿ. ಇನ್ನು ಹುಳದ ವಿಷಯದಲ್ಲಿ ನಿಜ ಹೇಳ್ತೀರ ಅಂತ ಹೇಗೆ ನಂಬಲಿ?"

"ನನ್ನ ಹುಳಕ್ಕೆ ರೋಗ ಇಲ್ಲ."

"ಹಾಗಂತ ಹಲ್ಲಿ ಸಾಕೋರ ಗ್ರೂಪಲ್ಲಿ ಹೇಳಿ. ನಾನು ಹಾಕಬೇಕಾಗಿದ್ದು ಹಾಕಿ ಆಗಿದೆ. ರೋಗದ ಹುಳ ಮಾರೋದು ಎಲ್ಲರಿಗೂ ಗೊತ್ತಾಗ್ಲಿ."

ಡಬ್ಬವನ್ನು ಅಲ್ಲೇ ನೆಲಕ್ಕಿಟ್ಟು ಇಳಿದುಹೋದ. ಕೊನೆಯ ಮಾತನ್ನು ಅವನು ಮೆಟ್ಟಿಲ ಮೇಲೆ ನಿಂತೇ ಕೂಗಿದ್ದ. ಅದು ಮೇಲಿಂದ ಕೆಳಗಿನವರೆಗೆ ಗೋಡೆಗೆ ಬಡಿಯುತ್ತಾ ಹೋಯಿತು. ಮೂರು ಮನೆಯ ಬಾಗಿಲು ಒಂದೊಂದಾಗಿ ತೆರೆದುಕೊಂಡವು.

*

ಸಂಜೆ ದಿನೇಶ್ ಮಾಮ ಊಟದ ಮನೆಯಲ್ಲಿ ನಿಂತೇ ಮಾತಾಡಿದ. ಜರಗನಹಳ್ಳಿಯ ಆ ಕಟ್ಟಡ ಅವನದು. ಒಂದು ಕಾಲಕ್ಕೆ ಅಲ್ಲಿ ಅವರ ರಾಗಿ ಹೊಲ ಇತ್ತಂತೆ.

"ಬಾಡಿಗೆಯೋರು ಮೂರೂ ಜನ ಕೇಳಿದ್ರು ಕಣಮ್ಮ. ಮೇಲ್ಗಡೆ ರೋಗದ ಹುಳ ಇದ್ಯಾ, ಮಕ್ಕಳಿರೋ ಮನೆ ಅಂತ. ನಾನೇನು ಹೇಳ್ಲಿ? ತಾರಸಿ ರೂಮು ಕೊಡೋವಾಗ್ಲೇ ಹೇಳಿದ್ದೆ, ಒಂದು ಕಂಪ್ಲೇಂಟ್ ಬಂದ್ರೂ ಖಾಲಿ ಅಂತ."

"ಮಾಮ, ಅದು ರೋಗ ಅಲ್ಲ..."

"ಭಾನುವಾರ ಚೀಲ ತರ್ತೀನಿ. ಖಾಲಿ ಮಾಡ್ಬುಡು."

ಅಜ್ಜಿ ನಾರಾಯಣಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ತಲೆ ಎತ್ತದೆ ಹೇಳಿದರು. "ಓತಿಕ್ಯಾತಕ್ಕೆ ಊಟ ಬೆಳೀತೀನಿ ಅಂತ ಕುಂತ್ಕಂಡ್ರೆ ಇನ್ನೇನಾಯ್ತದೆ ಅಮ್ಮಿ. ಬುಟ್ಬುಡು ಅತ್ಲಾಗೆ."

ಬಿಂದುಶ್ರೀ ಸಾಮಾನ್ಯವಾಗಿ ಮಾತಾಡುವವಳೇ ಅಲ್ಲ.

ಅಮ್ಮನ ಕಾಯಿಲೆಗೆಂದು ಸ್ಕೂಲು ಬಿಟ್ಟವಳು, ಅಮ್ಮ ಹೋದ ಮೇಲೆ ಸಾರಕ್ಕಿಯ ಬೈಲಪ್ಪನ ಮೀನಿನ ಅಂಗಡಿಯಲ್ಲಿ ಮೂರು ವರ್ಷ ಕೆಲಸ ಮಾಡಿದಳು. ಅಲ್ಲಿ ಹುಳದ ಡಬ್ಬಗಳು ಬಂದರೆ ಅರ್ಧ ಸತ್ತೇ ಬರುತ್ತಿದ್ದವು. ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಬಿಂದುಶ್ರೀ ಕೇಳಲಿಲ್ಲ, ನೋಡಿದಳು.

ಬಟ್ಟಲಲ್ಲಿ ನೀರಿಟ್ಟರೆ ಮರಿ ಮುಳುಗುತ್ತವೆ, ಒದ್ದೆ ಹತ್ತಿ ಇಡಬೇಕು. ಹುಳ ಅಡಗಿಕೊಳ್ಳಲು ಇಡುವ ಮೊಟ್ಟೆ ಟ್ರೇಗಳನ್ನು ಮಲಗಿಸಿದರೆ ಹಿಕ್ಕೆ ತುಂಬುತ್ತದೆ, ನಿಲ್ಲಿಸಬೇಕು. ಮಾರ್ಕೆಟ್ಟಿನ ಕ್ಯಾರೆಟ್‌ಗೆ ಔಷಧಿ ಹೊಡೆದಿರುತ್ತಾರೆ, ಮೂರು ಸಲ ತೊಳೆದು ಸಿಪ್ಪೆ ಹೆರೆಯಬೇಕು. ಹುಳ ಏನು ತಿನ್ನುತ್ತದೋ ಅದೇ ಹಲ್ಲಿಯ ಹೊಟ್ಟೆಗೆ ಹೋಗುತ್ತದೆ. ಸತ್ತದ್ದನ್ನು ದಿನಾ ಬೆಳಗ್ಗೆ ಎತ್ತಬೇಕು, ಎತ್ತುವ ಮೊದಲು ಮೂಸಬೇಕು.

ಬೈಲಪ್ಪ ಅಂಗಡಿ ಮುಚ್ಚುವಾಗ ಎರಡು ಡಬ್ಬ ಕೊಟ್ಟು, "ನಿನ್ನ ಕೈಲಿ ಬದುಕ್ತವೆ, ತಗೊಂಡು ಹೋಗು" ಅಂದಿದ್ದ. ಎರಡು ಈಗ ಮೂವತ್ತಾಗಿದ್ದವು. ಅವಳಿಗೆ ಚೆನ್ನಾಗಿ ಬರುವ ಕೆಲಸ ಇದೊಂದೇ. ಭಾನುವಾರ ಅದೂ ಹೋಗುತ್ತದೆ.

ಫೋನು ಒಂದೇ ಸಮ ಗುಂಯ್‌ಗುಡುತ್ತಿತ್ತು. 'ಈ ವಾರ ಬೇಡ.' 'ಆರ್ಡರ್ ಕ್ಯಾನ್ಸಲ್.' 'ಮೊದಲೇ ಡೌಟಿತ್ತು ಗುರು.'

ಅವಳು ಆಶ್ರಿತ್‌ನ ಹಳೆಯ ಮೆಸೇಜುಗಳನ್ನು ತೆಗೆದಳು. ಅಳಿಸಿಬಿಡಬೇಕೆಂದು.

'ನಿಮ್ಮ ಹುಳ ಎಲ್ಲಾ ಒಟ್ಟಿಗೆ ಹಾಡ್ತಿವೆ ಮೇಡಂ. ನಮ್ಮಮ್ಮ ಮಧ್ಯಾಹ್ನ ನಿದ್ದೆ ಇಲ್ಲ ಅಂತ ಬೈತಿದಾರೆ.'

'ಹಾಡಿದ್ರೆ ಆರೋಗ್ಯವಾಗಿವೆ ಅಂತ ಅರ್ಥ,' ಎಂದು ಇವಳು ಬರೆದಿದ್ದಳು.

'ಹಾಗಾದ್ರೆ ಹಾಡ್ಲಿ ಬಿಡಿ. ನಿದ್ದೆ ಕೆಟ್ಟಾಗೆಲ್ಲ ನಿಮ್ಮ ನೆನಪಾಗತ್ತೆ.'

ಅವತ್ತು ಇಡೀ ದಿನ ಅವಳು ಸುಮ್ಮಸುಮ್ಮನೆ ನಕ್ಕಿದ್ದಳು... ಈಗ ಆ ಸಾಲು ನೋಡಿದರೆ ಮೈ ಉರಿಯಿತು. 'ಮೇಡಂ ಅಂದ್ಕೊಂಡಿದ್ದಾಗ ನೆನಪಾಗ್ತಿತ್ತು. ಟವೆಲ್ ಸುತ್ತಿಕೊಂಡೋಳು ಅಂತ ಗೊತ್ತಾದ ತಕ್ಷಣ ಸುಳ್ಳಿ.'

ಅಳಿಸಲಿಲ್ಲ. ಎದ್ದು ಹೋಗಿ ಸತ್ತ ಹುಳದ ಡಬ್ಬ ತಂದಳು.

ಮೊದಲು ಮೂಸಿದಳು. ನಾತ ಇಲ್ಲ. ರೋಗ ಬಂದರೆ ಹುಳ ಮೊದಲು ಮಂಕಾಗುತ್ತವೆ, ಹೊಟ್ಟೆ ಮೆತ್ತಗಾಗುತ್ತದೆ, ದಿನಕ್ಕೆ ನಾಲ್ಕೈದರಂತೆ ಸಾಯುತ್ತವೆ. ಇವು ಹೊಟ್ಟೆ ತುಂಬಿಸಿಕೊಂಡೇ, ಎಲ್ಲವೂ ಒಟ್ಟಿಗೆ, ಬೆನ್ನು ಕೆಳಗಾಗಿ ಸತ್ತಿದ್ದವು. ಹಿಂಗಾಲು ಕೊಕ್ಕೆಯಂತೆ ಮಡಚಿಕೊಂಡಿತ್ತು.

ಮೊಟ್ಟೆ ಟ್ರೇಯ ಮೇಲೆ ಬಿಳಿ ಪುಡಿ ಉದುರಿತ್ತು. ಕ್ಯಾಲ್ಸಿಯಂ ಎಂದುಕೊಂಡಳು. ಹಲ್ಲಿಗೆ ಕೊಡುವ ಮುಂಚೆ ಹುಳವನ್ನು ಆ ಪುಡಿಯಲ್ಲಿ ಹೊರಳಿಸುತ್ತಾರೆ. ಮೂಳೆ ಗಟ್ಟಿಯಾಗಲಿ ಅಂತ. ಆದರೆ ಕ್ಯಾಲ್ಸಿಯಂ ಮೈದಾ ಹಿಟ್ಟಿನ ಹಾಗೆ ನುಣುಪಾಗಿರುತ್ತದೆ. ಇದು ಬೆರಳಿಗೆ ಗರಗರ ಅಂದಿತು.

ಅವಳು ಬೆರಳನ್ನು ಸೋಪು ಹಾಕಿ ಮೂರು ಸಲ ತೊಳೆದಳು. ಹಲ್ಲು ಕಚ್ಚಿಕೊಂಡು ನಿಂತಳು.

'ಅವನ ಮನೇಲೇ ಏನೋ ಆಗಿದೆ. ನನ್ನ ತಲೆ ಮೇಲೆ ಹಾಕಿದಾನೆ.'

*

ಗುರುವಾರ ಬೆಳಗ್ಗೆ ಒಂದು ಹೊಸ ಡಬ್ಬ ತುಂಬಿಸಿಕೊಂಡು ಬಸ್ ಹತ್ತಿದಳು. ಬನಶಂಕರಿಯಲ್ಲಿ ಇಳಿದು ಇನ್ನೊಂದು ಬಸ್. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈಗುಳ ಜೋಡಿಸಿದಳು. ಡಬ್ಬದೊಳಗಿನ ಹುಳ ಕಿರಗುಟ್ಟಿದಾಗ ಪಕ್ಕದ ಆಂಟಿ ಸೀಟು ಬದಲಾಯಿಸಿದರು.

ಫೋರ್ತ್ ಟಿ ಬ್ಲಾಕಿನ ಹಳೆಯ ಮನೆ. ಬಾಗಿಲು ತೆಗೆದವರು ಆಶ್ರಿತ್‌ನ ತಾಯಿ ಸೀತಮ್ಮ. ಬಿಳಿ ಕೂದಲು, ನೀಟಾಗಿ ಉಟ್ಟ ಹತ್ತಿ ಸೀರೆ.

"ನಾನು... ಹುಳ ಕಳಿಸೋಳು," ಎಂದಳು ಬಿಂದುಶ್ರೀ. ಜೋಡಿಸಿಟ್ಟ ಬೈಗುಳವೆಲ್ಲ ಮರೆತೇಹೋದವು. "ಗುಂಡಣ್ಣನ್ನ ನೋಡಬಹುದಾ?"

ಬೈದು ಕಳಿಸುತ್ತಾರೆ ಅಂದುಕೊಂಡಿದ್ದಳು. ಸೀತಮ್ಮ ಬಾಗಿಲು ಪೂರ್ತಿ ತೆಗೆದರು.

"ಬಾಮ್ಮಾ. ಅವನೂ ನನ್ನ ಹಾಗೇ ಆಗಿದಾನೆ, ಊಟ ಬೇಡ ಅಂತಾನೆ."

ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಬಿಸಿಯ ಕೆಳಗೆ, ಗಡ್ಡದಂಥ ಮುಳ್ಳಿನ ಹಲ್ಲಿ ಕಣ್ಣು ಅರೆಮುಚ್ಚಿ ಮಲಗಿತ್ತು. ಬಿಯರ್ಡೆಡ್ ಡ್ರ್ಯಾಗನ್. ಮೆಸೇಜುಗಳಲ್ಲಿ ನೂರು ಸಲ ನೋಡಿದ ಮುಖ. ಮುಂಗಾಲು ಸಣ್ಣಗೆ ನಡುಗುತ್ತಿತ್ತು.

ಸೀತಮ್ಮ ಗಾಜಿನ ಮೇಲೆ ಅಂಗೈ ಇಟ್ಟರು. "ನಮ್ಮನೆಯವರು ಹೋದ ಮೇಲೆ ಒಂದು ವರ್ಷ ನಾನು ಯಾರ ಹತ್ರನೂ ಮಾತೇ ಆಡ್ತಿರಲಿಲ್ಲವಂತೆ. ಆಶ್ರಿತ್ ಇವನನ್ನ ತಂದ. ಮೊದಮೊದಲು ಹೆದರಿಕೊಂಡು ಬೈತಿದ್ದೆ. ಬೈತಾ ಬೈತಾ ಮಾತು ಬಂತು ನೋಡು. ಈಗ ಕಾಫಿ ಕುಡೀತಾ ಇವನ ಹತ್ರನೇ ಪಂಚಾಯ್ತಿ."

ಬಿಂದುಶ್ರೀಯ ಸಿಟ್ಟಿಗೆ ಎಲ್ಲೋ ಒಂದು ಕಡೆ ಸಣ್ಣ ಬಿರುಕು ಬಿಟ್ಟಿತು. ಅದನ್ನು ಒತ್ತಿ ಮುಚ್ಚಿ, "ಹುಳದ ಡಬ್ಬ ಎಲ್ಲಿಡ್ತೀರ ಅಮ್ಮ?" ಎಂದಳು.

"ಅಲ್ಲಿ, ಹಿಂದೆ ಸ್ಟ್ಯಾಂಡ್ ಮೇಲೆ."

ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗ. ಮೂಲೆಯಲ್ಲೊಂದು ಕಬ್ಬಿಣದ ಸ್ಟ್ಯಾಂಡ್. ಅದರ ನಾಲ್ಕೂ ಕಾಲಿನ ಸುತ್ತ ಬಿಳಿ ಗೆರೆ. ಮೇಲೆ ಡಬ್ಬ ಇಡುವ ಜಾಗಕ್ಕೆ ಚೌಕವಾಗಿ ಜೋಡಿ ಎಳೆ, ಮೂಲೆಗಳಲ್ಲಿ ಸಣ್ಣ ಕಮಲ. ಯಾರು ನೋಡಿದರೂ ರಂಗೋಲಿ ಎನ್ನಬೇಕು.

ಬಿಂದುಶ್ರೀ ಬಗ್ಗಿ ನೋಡಿದಳು. ಬೆರಳಿಂದ ಬಿಟ್ಟ ರಂಗೋಲಿ ಪುಡಿ ಹರಡಿಕೊಳ್ಳುತ್ತದೆ. ಇದು ಕಬ್ಬಿಣಕ್ಕೆ ಉಜ್ಜಿದಂತೆ ಅಂಟಿಕೊಂಡಿತ್ತು.

"ಇದು... ರಂಗೋಲಿನಾ ಅಮ್ಮ?"

"ಅಲ್ಲಮ್ಮ, ಇರುವೆ ಚಾಕ್‌ಪೀಸು," ಸೀತಮ್ಮ ಹೆಮ್ಮೆಯಿಂದ ಹೇಳಿದರು. "ನೀನೇ ಬರೆದಿದ್ಯಲ್ಲ ಚೀಟೀಲಿ, ಇರುವೆ ಬರದಂತೆ ನೋಡಿಕೊಳ್ಳಿ ಅಂತ. ಆಶ್ರಿತ್‌ಗೆ ಕನ್ನಡ ಓದೋಕೆ ಸೋಮಾರಿತನ, ಚೀಟಿ ಎಲ್ಲ ನಾನೇ ಓದೋದು. ಭಾನುವಾರ ಸಾಲುಗಟ್ಟಿ ಬಂದುಬಿಟ್ವು. ಕಾಲಿಗೆಲ್ಲ ಎಳೆದೆ, ಡಬ್ಬದ ಮುಚ್ಚಳದ ಜಾಲರಿ ಸುತ್ತನೂ ಎಳೆದೆ. ಹೇಗಿದ್ರೂ ಎಳೀತೀನಲ್ಲ ಅಂತ ಚೆಂದ ಮಾಡಿದೆ. ಆಮೇಲೆ ಒಂದು ಇರುವೆ ಬರಲಿಲ್ಲ ನೋಡು."

ಬಿಂದುಶ್ರೀ ಸರಕ್ಕನೆ ನೆಟ್ಟಗಾದಳು.

ಜಾಲರಿಯ ಸುತ್ತ! ವಿಷದ ಪುಡಿ ಒಳಗೆ ಉದುರಿದೆ. ಹುಳ ತಿಂದಿವೆ. ಹುಳವನ್ನು ಗುಂಡಣ್ಣ ತಿಂದಿದ್ದಾನೆ. ನೋಡಿದ ಮಗ ಕ್ಯಾಲ್ಸಿಯಂ ಎಂದುಕೊಂಡಿದ್ದಾನೆ.

'ನನ್ನ ಹುಳಕ್ಕೆ ರೋಗ ಇಲ್ಲ. ಇಲ್ಲ! ಈಗಲೇ ಫೋನು ಮಾಡಿ ಹೇಳ್ತೀನಿ. ಗ್ರೂಪಿಗೆ ಫೋಟೋ ಹಾಕ್ತೀನಿ...' ಫೋನು ಕೈಗೆ ಬಂದೇಬಿಟ್ಟಿತು.

ಸೀತಮ್ಮ ಇನ್ನೂ ಆ ಕಮಲಗಳನ್ನು ನೋಡುತ್ತಾ ನಿಂತಿದ್ದರು. ಶ್ರದ್ಧೆಯಿಂದ ಮಾಡಿದ ಕೆಲಸವನ್ನು ಯಾರಾದರೂ ಮೆಚ್ಚಲಿ ಎಂದು ಕಾಯುವವರ ಮುಖ.

ಫೋನು ಕೆಳಗಿಳಿಯಿತು.

ಚೀಟಿ ಬರೆದದ್ದು ಯಾರು? ಜರಗನಹಳ್ಳಿಯಲ್ಲಿ ಅಜ್ಜಿ ಬೆಲ್ಲದ ಡಬ್ಬವನ್ನು ನೀರಿನ ತಟ್ಟೆಯ ನಡುವೆ ಇಡುತ್ತಾರೆ. ಇರುವೆ ಎಂದರೆ ನೀರು, ಅಷ್ಟೇ. ಎಲ್ಲರ ಮನೆಯಲ್ಲೂ ಹಾಗೇ ಅಂದುಕೊಂಡಿದ್ದಳು. ಇನ್ನೆರಡು ಸಾಲು ಬರೆದಿದ್ದರೆ ಸಾಕಿತ್ತು. ಬರೆದರೆ ತಪ್ಪು ಹೆಚ್ಚು ಕಾಣುತ್ತದೆ ಎಂದು ಒಂದೇ ಸಾಲಿಗೆ ನಿಲ್ಲಿಸಿದ್ದಳು. ಆರು ತಿಂಗಳಿಂದ.

ಈಗ ಸಿಟ್ಟು ಬಂದದ್ದು ತನ್ನ ಮೇಲೆ. ಅದು ಎಲ್ಲಕ್ಕಿಂತ ಜೋರಾಗಿತ್ತು.

"ಅಮ್ಮ, ಇದು ಬೇಡ," ಎಂದಳು ಮೆಲ್ಲಗೆ. "ನನ್ನ ಚೀಟೀಲಿ ತಪ್ಪಿತ್ತು. ನಾಲ್ಕು ಬಟ್ಟಲು ಕೊಡಿ, ಕಾಲಿಗೆ ನೀರು ಇಡೋಣ. ಇದನ್ನ ಒರೆಸ್ತೀನಿ. ಆಮೇಲೆ ನೀವು ಕೈ ತೊಳ್ಕೊಳ್ಳಿ."

ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದಳು. ನಾಲ್ಕನೇ ಕಾಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

"ಇಲ್ಲೇನ್ ಮಾಡ್ತಿದೀರ?"

ಆಶ್ರಿತ್. ಗುಂಡಣ್ಣನ ಔಷಧಿಯ ಹೊತ್ತಿಗೆ ಬನಶಂಕರಿಯ ಲ್ಯಾಬಿನಿಂದ ಓಡಿಬಂದಿದ್ದ. ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು.

"ಆ ಸ್ಟ್ಯಾಂಡ್ ಯಾಕೆ ಒರೆಸ್ತಿದೀರ? ಸತ್ತ ಹುಳದ ಗುರುತು ಏನಾದ್ರೂ ಇದ್ರೆ ಅಳಿಸಿಬಿಡೋಣ ಅಂತಾನಾ?"

"ಆಶ್ರಿತ್, ಹಾಗೆಲ್ಲ ಅನ್ಬಾರ್ದು," ಸೀತಮ್ಮ ಗಾಬರಿಯಾದರು.

ಮಾತು ಬಿಂದುಶ್ರೀಯ ನಾಲಿಗೆಯ ತುದಿಯಲ್ಲಿತ್ತು. ಒಂದೇ ವಾಕ್ಯ. ಹೇಳಿದರೆ ಈ ಮನುಷ್ಯನ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆಯೂ ಇತ್ತು. ಆದರೆ ಅವನ ಬೆನ್ನ ಹಿಂದೆ ಸೀತಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದರು. ಸಿಟ್ಟಿನಲ್ಲಿ ಎಸೆದ ಮಾತು ಅವನನ್ನು ದಾಟಿ ಅವರಿಗೇ ಹೋಗಿ ಬಡಿಯುತ್ತದೆ.

ಅವಳು ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟು ಎದ್ದಳು.

"ನೀವು ಲ್ಯಾಬಲ್ಲಿ ಕೆಲಸ ಮಾಡ್ತೀರಲ್ಲ. ರಕ್ತ ಟೆಸ್ಟ್ ಮಾಡದೇನೇ ರಿಪೋರ್ಟ್ ಬರೆದು ಕೊಡ್ತೀರಾ?"

"ಏನು?"

"ನನಗೆ ಹಾಗೇ ಬರೆದು ಕೊಟ್ರಿ. ಗ್ರೂಪಲ್ಲಿ ಎಲ್ಲರಿಗೂ ಹಂಚಿದ್ರಿ." ತಂದ ಡಬ್ಬವನ್ನು ಸ್ಟ್ಯಾಂಡಿನ ಮೇಲಿಟ್ಟಳು. "ಸತ್ತ ಹುಳ ಇದ್ದ ಲಾಟೇ ಇದು. ಅದೇ ತಾಯಿ ಹುಳದ ಮರಿಗಳು. ಭಾನುವಾರದವರೆಗೆ ಇಟ್ಟು ನೋಡಿ. ಸತ್ರೆ ನಮ್ಮ ಮಾಮ ಹೇಳಿದ ಹಾಗೆ ಅವತ್ತೇ ರೂಮು ಖಾಲಿ ಮಾಡ್ತೀನಿ. ಮತ್ತೆ ಹುಳ ಮುಟ್ಟಲ್ಲ."

"ಬದುಕಿದ್ರೆ?"

"ಬದುಕಿದ್ರೆ ಏನ್ ಮಾಡ್ಬೇಕು ಅಂತ ನೀವು ಯೋಚನೆ ಮಾಡಿ. ಓದ್ಕೊಂಡಿರೋರು ನೀವು."

ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಗೇಟಿನವರೆಗೂ ಬೆನ್ನು ನೆಟ್ಟಗಿತ್ತು. ಬಸ್ ಸ್ಟಾಪಿಗೆ ಬಂದ ಮೇಲೆ ಕಣ್ಣೀರು ಬಂತು. ಅದಕ್ಕೂ ಸಿಟ್ಟು ಬಂತು.

*

ಶುಕ್ರವಾರ ಅವನ ಕಡೆಯಿಂದ ಮೆಸೇಜಿಲ್ಲ. ಶನಿವಾರವೂ ಇಲ್ಲ.

'ನಾಲ್ಕನೇ ಕಾಲು ಸರಿಯಾಗಿ ಒರೆಸಿದೆನಾ? ಅವನು ಬಂದುಬಿಟ್ಟ. ಗೆರೆ ಉಳಿದಿದ್ದರೆ? ಸೀತಮ್ಮ ಮತ್ತೆ ಎಳೆದುಬಿಟ್ಟಿದ್ದರೆ?'

ಮನಸ್ಸು ತಡೆಯದೆ ಮೂವತ್ತು ಡಬ್ಬಕ್ಕೂ ಹೊಸ ಚೀಟಿ ಬರೆದಳು. ಈ ಸಲ ನಾಲ್ಕು ಸಾಲು. ‘ಇರುವೆ ಬರದಂತೆ ನೋಡಿಕೊಳ್ಳಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಿ. ಚಾಕ್‌ಪೀಸು, ಸ್ಪ್ರೇ, ಯಾವ ಔಷಧಿಯೂ ಹತ್ತಿರ ಬೇಡ. ಗೊತ್ತಾಗದಿದ್ದರೆ ನನ್ನನ್ನು ಕೇಳಿ.’ ಅಕ್ಷರ ಸೊಟ್ಟವೇ ಇದ್ದವು. ಇರಲಿ ಅಂದುಕೊಂಡಳು.

ಭಾನುವಾರ ಹತ್ತು ಗಂಟೆಗೆ ದಿನೇಶ್ ಮಾಮ ಎರಡು ಗೋಣಿಚೀಲ ಹಿಡಿದು ತಾರಸಿಗೆ ಬಂದ. ಅವಳು ಮೊದಲ ಡಬ್ಬ ಎತ್ತಿದಳು.

ಆಗ ಕೇಳಿಸಿತು.

ಕ್ರೀ... ಕ್ರೀ... ಕ್ರೀ...

ತನ್ನ ರೂಮಿನಿಂದಲ್ಲ. ಕೆಳಗಿನಿಂದ. ಮೆಟ್ಟಿಲ ಮೇಲಿಂದ. ಹಾಡು ಒಂದೊಂದೇ ಮಹಡಿ ಏರಿ ಬರುತ್ತಿತ್ತು.

ಎರಡನೇ ಮಹಡಿಯಲ್ಲಿ ಹೆಜ್ಜೆ ನಿಂತಿತು. ಆಮೇಲೆ ಅದೇ ಧ್ವನಿ, ಬುಧವಾರದಷ್ಟೇ ಜೋರಾಗಿ.

"ಎಲ್ಲರೂ ಒಂದು ನಿಮಿಷ ಹೊರಗೆ ಬನ್ನಿ. ಬುಧವಾರ ಇಲ್ಲಿ ನಿಂತು ರೋಗದ ಹುಳ ಅಂತ ಕೂಗಿದೋನು ನಾನೇ. ಅದು ತಪ್ಪು. ಅವರ ಹುಳಕ್ಕೆ ಯಾವ ರೋಗನೂ ಇಲ್ಲ. ತಪ್ಪಾಗಿದ್ದು ನಮ್ಮ ಮನೇಲಿ. ಅವತ್ತು ಕೇಳಿಸ್ಕೊಂಡೋರೆಲ್ಲ ಇದನ್ನೂ ಕೇಳಿಸ್ಕೊಳ್ಳಿ."

ಬಾಗಿಲು ಮತ್ತೆ ತೆರೆದವು. ಯಾರೋ ನಕ್ಕರು. "ಸರಿ ಬಿಡಿ ಸಾರ್, ಕೇಳಿಸ್ತು," ಅಂದಿತು ಒಂದು ಧ್ವನಿ.

ಆಶ್ರಿತ್ ತಾರಸಿಗೆ ಬಂದ. ಹಿಂದೆ, ಏದುಸಿರು ಬಿಡುತ್ತಾ, ಸೀತಮ್ಮ.

"ನಾನೇ ಹೇಳ್ತೀನಿ ಇರೋ," ಎಂದು ಮಗನನ್ನು ತಡೆದು ಬಿಂದುಶ್ರೀಯ ಕೈ ಹಿಡಿದುಕೊಂಡರು. "ನೀನು ಹೋದ ಮೇಲೆ ಯೋಚನೆ ಬಂತು. ಈ ಹುಡುಗಿ ಯಾಕೆ ಅಷ್ಟು ತಿಕ್ಕಿ ತಿಕ್ಕಿ ಒರೆಸಿದ್ಲು, ಯಾಕೆ ನನಗೆ ಕೈ ತೊಳ್ಕೋ ಅಂದ್ಲು ಅಂತ. ಕನ್ನಡಕ ಹಾಕ್ಕೊಂಡು ಆ ಚಾಕ್‌ಪೀಸಿನ ಪ್ಯಾಕೆಟ್ ಓದಿದೆ. ನಾಯಿ ಬೆಕ್ಕಿನ ಊಟದ ಹತ್ರ ಇಡಬೇಡಿ ಅಂತ ಬರೆದಿತ್ತು. ಎಲ್ಲರ ಚೀಟೀನೂ ಓದೋಳು ನಾನು, ಅದೊಂದು ಓದಿರಲಿಲ್ಲ."

"ಅಮ್ಮ, ನನ್ನ ಚೀಟಿಯಿಂದಾನೇ..."

"ಸುಮ್ನಿರು. ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ ನೀನು. ಅವನ ಹತ್ರ ಬೈಸ್ಕೊಂಡು ಹೋದೆ." ಅವರ ಕಣ್ಣು ತುಂಬಿತು. "ಗುಂಡಣ್ಣ ನಿನ್ನೆ ಆರು ತಿಂದ. ನಡುಕ ನಿಂತಿದೆ. ಮತ್ತೆ ನನ್ನನ್ನ ದುರುಗುಟ್ಟಿ ನೋಡ್ತಾನೆ."

ದಿನೇಶ್ ಮಾಮ ಗೋಣಿಚೀಲ ಮಡಚಿ ಕಂಕುಳಿಗೆ ಇಟ್ಟುಕೊಂಡ. "ಬನ್ನಿ ಅಮ್ಮ, ಕೆಳಗಡೆ ನಮ್ಮಮ್ಮ ಇದಾರೆ. ಕಾಫಿ ಕುಡೀರಿ." ಎರಡು ಮೆಟ್ಟಿಲಿಳಿದು ತಿರುಗಿ ಬಿಂದುಶ್ರೀಗೆ, "ಚೀಲ ಬೇರೆ ಕೆಲಸಕ್ಕಾಯ್ತದೆ ಬುಡು," ಅಂದ.

ತಾರಸಿಯಲ್ಲಿ ಈಗ ಇಬ್ಬರೇ. ಮತ್ತೆ ಮೂವತ್ತೊಂದು ಡಬ್ಬದ ಹಾಡು.

"ಗ್ರೂಪಲ್ಲೂ ಹಾಕಿದೀನಿ," ಎಂದ ಆಶ್ರಿತ್. "ಕನ್ನಡದಲ್ಲೇ. ಅಮ್ಮ ತಿದ್ದಿಕೊಟ್ರು."

"ನೋಡ್ದೆ."

"ಇನ್ನೂ ಸಿಟ್ಟಿದೆ ನಿಮಗೆ."

"ಇದೆ." ಅವಳು ಮಣೆಯ ಮೇಲೆ ಕೂತು ಕ್ಯಾರೆಟ್ ಎತ್ತಿಕೊಂಡಳು. ಇವತ್ತೂ ತಲೆಗೆ ಟವೆಲ್ ಇತ್ತು. ತೆಗೆಯಲಿಲ್ಲ. "ಹುಳ ಸತ್ತಿದ್ದಕ್ಕೆ ಬೈದ್ರಿ, ಅದು ಸರಿ. ನನ್ನ ನೋಡಿ 'ಏನೂ ಗೊತ್ತಿಲ್ದೆ ಇರೋರು' ಅಂದ್ರಲ್ಲ. ಅದು?"

ಅವನು ತಲೆ ತಗ್ಗಿಸಿದ.

"ಅದಕ್ಕೆ ಉತ್ತರ ಇಲ್ಲ. ಮೂರು ದಿನ ಹುಡುಕಿದೆ. ಆರು ತಿಂಗಳಲ್ಲಿ ನನಗೆ ಗೊತ್ತಿಲ್ದೆ ಇರೋದನ್ನೆಲ್ಲ ಕಲಿಸಿದೋರ ಮುಂದೆ ನಿಂತು ಆ ಮಾತು ಅಂದೆ. ದಿನಕ್ಕೆ ನೂರು ಸ್ಯಾಂಪಲ್ ನೋಡ್ತೀನಿ, ಎರಡು ಸಲ ನೋಡದೆ ಒಂದೂ ರಿಪೋರ್ಟ್ ಕೊಡಲ್ಲ. ನಿಮ್ಮನ್ನ ಒಂದು ಸಲನೂ ಸರಿಯಾಗಿ ನೋಡಲಿಲ್ಲ. ಮಾಫ್ ಮಾಡಿ ಅಂತ ಕೇಳೋಕೂ ಮುಖ ಇಲ್ಲ."

ಬಿಂದುಶ್ರೀ ಚಾಕು ನಿಲ್ಲಿಸಿದಳು. ಅವನು ನೆಪ ಹೇಳಿದ್ದರೆ ಎದ್ದು ಹೋಗುತ್ತಿದ್ದಳು. ಹೇಳಲಿಲ್ಲ.

"ನಾನೂ ಮೇಡಂ ಇಲ್ಲ ಅಂದೆ," ಎಂದಳು ಸಣ್ಣಗೆ. "ಓದಿಲ್ಲ ಅಂತ ಗೊತ್ತಾದ್ರೆ ಮೆಸೇಜ್ ನಿಲ್ಲಿಸ್ತೀರ ಅಂತ ಭಯ ಇತ್ತು."

"ನಿಲ್ಲಿಸೋದಾ?" ಅವನು ಎದುರಿಗೆ ನೆಲದ ಮೇಲೇ ಕೂತ. "ಒಂದು ನಿಜ ಹೇಳ್ಲಾ? ಹುಳ ಮುಗಿಯೋಕೆ ಮುಂಚೆನೇ ಆರ್ಡರ್ ಮಾಡ್ತಿದ್ದೆ. ನಿಮ್ಮ ಜೊತೆ ಮಾತಾಡೋಕೆ ನೆಪ ಬೇಕಿತ್ತು."

"ಗೊತ್ತಿತ್ತು."

"ಗೊತ್ತಿತ್ತಾ?"

"ಒಂದು ಓತಿಕ್ಯಾತ ವಾರಕ್ಕೆ ಎಷ್ಟು ತಿನ್ನುತ್ತೆ ಅಂತ ನನಗೆ ಗೊತ್ತಿಲ್ವಾ? ನೀವು ತಗೊಳ್ತಿದ್ದಿದ್ದು ಮೂರು ಓತಿಕ್ಯಾತಕ್ಕಾಗೋಷ್ಟು."

ಅವನ ಕಿವಿ ಕೆಂಪಾಯಿತು. ಅದನ್ನು ನೋಡಿ ಅವಳ ತುಟಿ ಅಂಚು ಅಲುಗಿತು. ತಕ್ಷಣ ಕಚ್ಚಿಕೊಂಡಳು.

"ಮೇಡಂ..."

"ಹಾಗೆ ಕರೀಬೇಡಿ."

"ಬಿಂದು," ಎಂದ. ಆ ಹೆಸರನ್ನು ಮೊದಲೇ ಎಷ್ಟೋ ಸಲ ಒಬ್ಬನೇ ಹೇಳಿಕೊಂಡವನ ಹಾಗೆ. "ನನಗೆ ನೀವು ಇಷ್ಟ. ಮುಖ ನೋಡೋಕೆ ಮುಂಚೆನೇ ಇಷ್ಟ. ಗುರುವಾರ ನಮ್ಮನೇಲಿ ನಿಂತು ನನಗೆ ಬೈದ್ರಲ್ಲ, ಅವಾಗಿಂದ ಇನ್ನೂ ಜಾಸ್ತಿ. ಸಿಟ್ಟು ಯಾವಾಗ ಹೋಗತ್ತೆ ಅಂತ ಹೇಳಿ, ಅಲ್ಲಿವರೆಗೂ ಕಾಯ್ತೀನಿ."

ಅವಳ ಎದೆ ಬಡಿತ ಹುಳದ ಹಾಡಿಗಿಂತ ಜೋರಾಯಿತು. ಹುಟ್ಟಿದಾಗಿನಿಂದ ಅವಳು ಯಾರ ಮೇಲೂ ಬಾಯಿಬಿಟ್ಟು ಸಿಟ್ಟಾದವಳಲ್ಲ. ಮಾಮನ ಮೇಲಿಲ್ಲ, ಅಜ್ಜಿಯ ಮೇಲಿಲ್ಲ. ಇವನೊಬ್ಬನ ಮೇಲೆ ಬಂದಿತ್ತು, ಇವನೊಬ್ಬನಿಗೆ ಹೇಳಲು ಆಗಿತ್ತು.

ಕ್ಯಾರೆಟ್‌ನ ಬುಟ್ಟಿಯನ್ನು ಅವನ ಕಡೆ ತಳ್ಳಿದಳು.

"ಮೊದಲು ಇದನ್ನ ತೊಳೀರಿ. ಮೂರು ಸಲ."

ಅವನು ತೋಳು ಮಡಚಿ ನಲ್ಲಿಯ ಕೆಳಗೆ ಕೂತ. ಒಂದೊಂದನ್ನೇ ತಿಕ್ಕಿ ತೊಳೆದ, ನೀರು ಚೆಲ್ಲಿ ಮತ್ತೆ ತೊಳೆದ. ಎರಡನೇ ಸಲ ಮುಗಿಸಿ ಮೆಲ್ಲಗೆ ಬುಟ್ಟಿ ಎತ್ತಿದ.

"ಎರಡೇ ಆಗಿದ್ದು," ಎಂದಳು, ತಲೆ ಎತ್ತದೆ.

"ನೋಡ್ತಾನೇ ಇದೀರಾ?"

"ನನಗೆ ಬರೋದೇ ಅದು."

ಮೂರನೇ ಸಲ ತೊಳೆದು ತಂದು ಮುಂದಿಟ್ಟ. "ಆಯ್ತು. ಈಗ ಹೇಳಿ. ಸಿಟ್ಟು ಹೋಯ್ತಾ?"

ಅವಳು ಒಂದು ಕ್ಯಾರೆಟ್ ಎತ್ತಿ, ತಿರುಗಿಸಿ ನೋಡಿ, ಮೂಸಿದಳು.

"ಸ್ವಲ್ಪ ಉಳಿದಿದೆ," ಎಂದಳು. "ನಾಳೆನೂ ಕ್ಯಾರೆಟ್ ಇರತ್ತೆ."

"ಬರ್ತೀನಿ."

"ಹುಳ ಬೇಕು ಅಂತಾನಾ?"

"ಅಲ್ಲ."

ಬಿಂದುಶ್ರೀ ತಲೆಯ ಟವೆಲ್ ಬಿಚ್ಚಿ, ಅವನ ಒದ್ದೆ ಕೈಗೆ ಕೊಟ್ಟಳು.

"ಹಾಗಾದ್ರೆ ಬನ್ನಿ."